ನಿಂಬೆವ್ವ ಹಂಚಿದ ಸೀತನಿ

ಗಿಡವೊಂದು ತನ್ನ ಎಳೆಯನ್ನು ತಾನೇ ಕತ್ತರಿಸಿಕೊಂಡು, ಮತ್ತೆ ತಾನೇ ಹೊಲಿದುಕೊಳ್ಳುತ್ತದೆ ಎಂದರೆ ನಿಂಬೆವ್ವ ನಂಬಲು ತಯಾರಿರಲಿಲ್ಲ. ಪಡಸಾಲೆಯಲ್ಲಿ ಕಾಲು ಚಾಚಿ ಕೌದಿ ಹೊಲಿಯುತ್ತಿದ್ದ ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ, ಕನ್ನಡಕದ ಮೇಲಿನಿಂದ ಸೊಸೆಯ ಮುಖ ನೋಡಿದಳು.

"ಸುಮ್ಮಸುಮ್ಮನ ಯಾಕ ಕತ್ತರಿಸ್ಕೊಂತೈತಿ? ಅದಕ್ಕೇನು ಹುಚ್ಚ ಹಿಡದೈತೇನು?"

ಸೊಸೆ ಇಂದುಮತಿ ಡೋಣಿ ನದಿಯ ದಂಡೆಯಲ್ಲಿದ್ದ ಜೋಳದ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ದೊಡ್ಡ ದೊಡ್ಡ ಸಭೆಗಳಲ್ಲಿ ತನ್ನ ಕೆಲಸವನ್ನು ವಿವರಿಸಿ ಬಂದವಳಿಗೆ ಅತ್ತೆಗೆ ವಿವರಿಸುವುದೇ ಹೆಚ್ಚು ಇಷ್ಟದ ಕೆಲಸವಾಗಿತ್ತು, ಏಕೆಂದರೆ ಅತ್ತೆ ಗೊತ್ತಾಗದ್ದಕ್ಕೆ ತಲೆಯಾಡಿಸುತ್ತಿರಲಿಲ್ಲ. ಅವಳು ಕೌದಿಯ ಒಂದು ಅಂಚನ್ನು ತೊಡೆಯ ಮೇಲೆ ಎಳೆದುಕೊಂಡು ಹೇಳತೊಡಗಿದಳು. ಗಿಡದ ಪ್ರತಿ ಕೋಶದಲ್ಲೂ ವಂಶದ ಗುಣ ಹೊತ್ತ ಎಳೆಗಳು ಜೋಡಿಯಾಗಿರುತ್ತವೆ. ಜೋಡಿಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಪರಾಗವನ್ನೋ ಅಂಡವನ್ನೋ ಮಾಡುವಾಗ ಆ ಗಂಟನ್ನು ಅರ್ಧ ಮಾಡಬೇಕು. ಅರ್ಧವಾಗುವ ಮೊದಲು ಎರಡೂ ಎಳೆಗಳು ಪಕ್ಕಪಕ್ಕ ಮಲಗುತ್ತವೆ. ಆಗ ಗಿಡ ಬೇಕೆಂದೇ ಅಲ್ಲಲ್ಲಿ ಕತ್ತರಿ ಹಾಕುತ್ತದೆ. ಕತ್ತರಿಸಿದ್ದನ್ನು ಪಕ್ಕದ ಎಳೆಯನ್ನು ನೋಡಿಕೊಂಡು ರಿಪೇರಿ ಮಾಡುತ್ತದೆ. ಹಾಗೆ ಹೊಲಿಯುವಾಗ ಈ ಕಡೆಯ ತುಂಡು ಆ ಕಡೆಗೆ ಸೇರುತ್ತದೆ, ಆ ಕಡೆಯದು ಈ ಕಡೆಗೆ. ಪುಸ್ತಕದವರು ಇದಕ್ಕೆ ಮಿಯಾಸಿಸ್ ಎನ್ನುತ್ತಾರೆ. ಮಕ್ಕಳು ಪೂರಾ ತಾಯಿಯಂತೆಯೂ ಅಲ್ಲ, ಪೂರಾ ತಂದೆಯಂತೆಯೂ ಅಲ್ಲ ಎಂಬುದು ಅದಕ್ಕೇ.

"ತವರಮನಿ ಸೀರಿ, ಗಂಡನ ಮನಿ ಧೋತರ ಕೂಡಿಸಿ ಹೊಲದಂಗ," ಎಂದಳು ನಿಂಬೆವ್ವ. "ಹಂಗನ್ನು ಮತ್ತ. ಇದರಾಗ ನಿಂದೇನು ಕೆಲಸ?"

ಇಂದುಮತಿಯ ಕೆಲಸವಿದ್ದದ್ದು ಕತ್ತರಿ ತಲುಪದ ಜಾಗದಲ್ಲಿ. ಎಳೆಯ ಕೆಲವು ಭಾಗಗಳನ್ನು ಗಿಡ ಬಿಗಿಯಾಗಿ ಮಡಚಿ, ರಾಸಾಯನಿಕದ ಮೊಹರು ಒತ್ತಿ, ಟ್ರಂಕಿನ ತಳದಲ್ಲಿಟ್ಟ ಬಟ್ಟೆಯಂತೆ ಇಟ್ಟುಬಿಟ್ಟಿರುತ್ತದೆ. ಅಲ್ಲಿನ ಬಹುಪಾಲು ಜೀನುಗಳ ಬಾಯಿ ಮುಚ್ಚಿರುತ್ತದೆ. ಒಂದೆರಡು ಮಾತ್ರ ಮೂಲೆಯಲ್ಲಿ ಹೇಗೋ ಮಾತಾಡಿಕೊಂಡಿರುತ್ತವೆ. ಅಲ್ಲಿಗೆ ಕತ್ತರಿ ಹೋಗುವುದೇ ಅಪರೂಪ. ಹೋದರೂ ಗಿಡ ಜೋಡಿಯ ಎಳೆಯನ್ನು ನೋಡದೆ, ತನ್ನದೇ ನಕಲನ್ನು ನೋಡಿ ಹೊಲಿದುಕೊಳ್ಳುತ್ತದೆ. ಏನೂ ಅದಲುಬದಲಾಗುವುದಿಲ್ಲ.

ಡೋಣಿ ಸಾಲಿನ ಜನಕ್ಕೆ ಆ ಟ್ರಂಕಿನಿಂದಲೇ ತೊಂದರೆಯಾಗಿತ್ತು. ಹಿಂದೆ ಇಲ್ಲಿ ಸೀತನಿಗೆಂದೇ ಬೆಳೆಯುತ್ತಿದ್ದ ಜೋಳವೊಂದಿತ್ತು. ಹಾಲುಗಾಳಿರುವಾಗ ತೆನೆ ಮುರಿದು, ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬೆಲ್ಲವೋ ಶೇಂಗಾ ಚಟ್ನಿಪುಡಿಯೋ ಹಚ್ಚಿಕೊಂಡು ತಿಂದರೆ ಸಕ್ಕರೆಯಂತಿರುತ್ತಿತ್ತು. ಚಳಿಗಾಲ ಮೊಟಕಾಗುತ್ತ ಬಂದ ಹಾಗೆ ಸುಳಿ ನೊಣ ವಿಪರೀತವಾಯಿತು. ಅದರ ಮರಿ ಎಳೆ ಪೈರಿನ ಸುಳಿಯೊಳಗೆ ಹೊಕ್ಕು ತಿನ್ನುತ್ತದೆ, ಸುಳಿ ಒಣಗಿ ಪೈರು ಸಾಯುತ್ತದೆ. ಮೆತ್ತಗಿನ ಸೀತನಿ ಜೋಳ ಮೊದಲು ಹೋಯಿತು. ನೊಣಕ್ಕೆ ಜಗ್ಗದ ಕಾಡುಜೋಳವೊಂದು ನದಿಯ ದಂಡೆಯಲ್ಲಿತ್ತು, ಆದರೆ ಅದರ ಕಾಳು ಬಾಯಿ ಸೇದುವಷ್ಟು ಒಗರು. ನೊಣ ತಡೆಯುವ ಜೀನು, ಒಗರಿನ ಜೀನು ಎರಡೂ ಒಂದೇ ಟ್ರಂಕಿನಲ್ಲಿ ಅಂಟಿಕೊಂಡು ಕೂತಿದ್ದವು. ಎಷ್ಟು ಸಾವಿರ ಗಿಡ ಬೆಳೆಸಿದರೂ ನೊಣ ಗೆದ್ದ ಗಿಡ ಒಗರಾಗಿಯೇ ಹುಟ್ಟುತ್ತಿತ್ತು.

"ಆ ಟ್ರಂಕನ್ನ ಒಂದ್ ಗಳಿಗಿ ತೆಗದು ಮತ್ತ ಮುಚ್ಚೋದು ನನ್ನ ಕೆಲಸ ನೋಡ್ರಿ, ಅತ್ತಿ," ಎಂದಳು ಇಂದುಮತಿ. ಎದ್ದು ಹೋಗುವಾಗ, ಎಲ್ಲ ಸರಿಹೋದರೆ ಈ ವರ್ಷ ನಿಮಗೆ ಸೀತನಿ ತಿನ್ನಿಸುತ್ತೇನೆ ಎಂದೂ ಹೇಳಿದಳು. ಹೇಳಬಾರದಿತ್ತು.

ಕೇಂದ್ರದಲ್ಲಿ ಇಂದುಮತಿಯ ಜೊತೆ ಕೆಲಸ ಮಾಡುತ್ತಿದ್ದವಳು ಝರೀನಾ ಬಾಗವಾನ. ವಯಸ್ಸಿನಲ್ಲಿ ಬಹಳ ಚಿಕ್ಕವಳು, ಸೂಕ್ಷ್ಮದರ್ಶಕದ ಮುಂದೆ ಕೂತರೆ ಊಟದ ನೆನಪಿಲ್ಲದವಳು. ಅವಳ ಡಬ್ಬಿ ಹಾಗೇ ಉಳಿದಿದ್ದು ಕಂಡರೆ ಇಂದುಮತಿ ಸದ್ದಿಲ್ಲದೆ ಅದನ್ನು ಬಿಸಿ ಮಾಡಿ ಪಕ್ಕಕ್ಕಿಟ್ಟು ಹೋಗುತ್ತಿದ್ದಳು. ಇಬ್ಬರೂ ಸೇರಿ ಮಾಡಿದ್ದ ದ್ರವಕ್ಕೆ 'ಸಡಿಲು' ಎಂದು ಹೆಸರಿಟ್ಟಿದ್ದರು. ಅದರಲ್ಲಿದ್ದದ್ದು ಆರ್‌ಎನ್‌ಎಯ ಚೂರುಗಳು. ಮೊಹರು ಒತ್ತುವ ಕೆಲಸ ಮಾಡುವ ಜೀನೊಂದು ಗಿಡದಲ್ಲಿದೆಯಲ್ಲ, ಆ ಚೂರುಗಳು ಅದರ ಬಾಯನ್ನೇ ಕೆಲವು ತಾಸು ಮುಚ್ಚಿಸುತ್ತಿದ್ದವು. ಎಲ್ಲರನ್ನೂ ಗಪ್ಪು ಕೂಡಿಸುವ ಮಾಸ್ತರನನ್ನೇ ಗಪ್ಪು ಮಾಡಿದ ಹಾಗೆ. ಆಗ ಮಡಿಕೆ ಸಡಿಲವಾಗಿ, ಕತ್ತರಿ ಒಳಗೆ ಹೋಗಿ, ಜೋಡಿ ಎಳೆ ನೋಡಿಕೊಂಡು ಹೊಲಿಗೆ ಬೀಳುತ್ತಿತ್ತು.

ಹೊತ್ತು ನೋಡಿ ಹಾಕುವುದೇ ಕಷ್ಟವಾಗಿತ್ತು. ತೆನೆ ಇನ್ನೂ ಹೊಡೆಯೊಳಗೆ, ಎಲೆಯ ಸೆರಗಿನಲ್ಲಿ ಅಡಗಿರುವಾಗಲೇ ಮಿಯಾಸಿಸ್ ನಡೆದುಹೋಗುತ್ತದೆ. ಅದಕ್ಕಾಗಿ ಝರೀನಾ ದಂಟಿಗೆ ಸಿಕ್ಕಿಸುವ ಪುಟ್ಟ ಚಿಮಟಿಗೆಯೊಂದನ್ನು ಮಾಡಿದ್ದಳು. ಒಳಗಿನ ಕೋಶಗಳಲ್ಲಿ ಎಳೆಗಳು ಜೋಡಿಗೂಡತೊಡಗಿದಾಗ ಅದರ ತುದಿಯಲ್ಲಿ ನೀಲಿ ದೀಪ ಹತ್ತುತ್ತಿತ್ತು. ಹತ್ತಿದ ಕೂಡಲೇ ಸೂಜಿಯಿಂದ ಸಡಿಲು. ಮೊದಲ ವರ್ಷಗಳಲ್ಲಿ ಪ್ರಮಾಣ ಹೆಚ್ಚಾಗಿ ಗಿಡ ಎಲ್ಲೆಂದರಲ್ಲಿ ಕತ್ತರಿಸಿಕೊಂಡಿತು, ಹೊಲಿಯಲು ಪುರಸೊತ್ತಾಗಲಿಲ್ಲ, ಪರಾಗವೆಲ್ಲ ಜೊಳ್ಳು. ಕಳೆದ ವರ್ಷ ಹದ ಸಿಕ್ಕಿತು. ಸೀತನಿ ಜೋಳಕ್ಕೂ ಕಾಡುಜೋಳಕ್ಕೂ ಹುಟ್ಟಿದ ಗಿಡಗಳಿಗೆ ಸಡಿಲು ಹಾಕಿ, ಅವುಗಳ ಪರಾಗವನ್ನು ಮತ್ತೆ ಸೀತನಿ ಜೋಳಕ್ಕೇ ಕೂಡಿಸಿ, ಬಂದ ಬೀಜವನ್ನು ಈ ಹಿಂಗಾರಿಗೆ ಬಿತ್ತಿದರು. ಎಳೆ ಪೈರಿನ ಮೇಲೆ ನೊಣ ಬಿಟ್ಟರು. ಹೊಲದ ತುಂಬ ಇದ್ದ ಪೈರು ಸತ್ತು ನಲವತ್ತರ ಆಸುಪಾಸು ಉಳಿಯಿತು. ಉಳಿದವೆಲ್ಲ ನೊಣ ಗೆದ್ದವು. ಅವುಗಳಲ್ಲಿ ಒಂದಾದರೂ ಒಗರು ಬಿಟ್ಟದ್ದು ಇದೆಯೇ ಎಂಬುದೇ ಈಗಿನ ಪ್ರಶ್ನೆ. ಎಲೆ ಚಿವುಟಿ ಜೀನು ಓದುವ ಯಂತ್ರಕ್ಕೆ ಕೊಟ್ಟರೆ ಅದು ಹೇಳುತ್ತಿರಲಿಲ್ಲ. ಆ ಮುಚ್ಚಿದ ಭಾಗದಲ್ಲಿ ಒಂದೇ ಅಕ್ಷರಗಳು ಸಾವಿರ ಸಲ ಬರುತ್ತವೆ, ಓದಿ ಓದಿ ಯಂತ್ರ ದಾರಿ ತಪ್ಪುತ್ತಿತ್ತು. ಕಾಳೇ ಹೇಳಬೇಕು. ತೆನೆಗಳಿಗೆ ನಂಬರು ಬರೆದ ಕಾಗದದ ಚೀಲ ಕಟ್ಟಿ, ಕಾಳು ಹದಕ್ಕೆ ಬರುವುದನ್ನು ಇಬ್ಬರೂ ಕಾಯುತ್ತಿದ್ದರು.

ಕೇಂದ್ರದ ಮುಖ್ಯಸ್ಥ ಡಾ. ಗಲಗಲಿ ಒಳ್ಳೆಯವರು, ಆದರೆ ಅವರ ಮೇಲೂ ಒತ್ತಡವಿತ್ತು. ಆ ಹೊಲವನ್ನು ಸೋಲಾರ್ ಫಲಕಗಳಿಗೆ ಬಿಟ್ಟುಕೊಡಲು ಮೇಲಿನಿಂದ ಆದೇಶ ಬಂದಿತ್ತು. ಒಂದೇ ಒಂದು ಗಿಡ ತೋರಿಸಿ, ಹೊಲ ಉಳಿಸಿಕೊಡುತ್ತೇನೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಟ್ರ್ಯಾಕ್ಟರ್ ಬರುತ್ತದೆ ಎಂದು ಅವರು ಇಂದುಮತಿಗೆ ಹೇಳಿದ್ದರು.

ಈ ನಡುವೆ ಎಳ್ಳಮಾಸಿ, ಎಂದರೆ ಎಳ್ಳು ಅಮಾವಾಸ್ಯೆ, ಬಂತು. ಅಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಮಾಡಿ, ಅನ್ನ ಪಲ್ಯ ಕಡುಬಿನ ತುತ್ತನ್ನು ಬೆಳೆಯ ನಡುವೆ ಚೆಲ್ಲಿ, ಬಂದವರಿಗೆಲ್ಲ ಬಡಿಸುವುದು ಆ ಸೀಮೆಯ ಪದ್ಧತಿ. ಅದಕ್ಕೆ ಚರಗ ಎನ್ನುತ್ತಾರೆ. ನಿಂಬೆವ್ವನ ಮನೆಯ ಹೊಲ ಎಂದೋ ಹೆದ್ದಾರಿಯ ಕೆಳಗೆ ಹೋಗಿತ್ತು. ಚರಗ ಬಿಡಲು ಮಾತ್ರ ಆಕೆ ಒಪ್ಪಿರಲಿಲ್ಲ. ಗಲಗಲಿಯವರ ಒಪ್ಪಿಗೆ ಪಡೆದು ವರ್ಷವೂ ಕೇಂದ್ರದ ಹೊಲದ ಬದುವಿನಲ್ಲೇ ಮಾಡುತ್ತಿದ್ದಳು. ಈ ಸಲವೂ ತನ್ನ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕರೆದುಕೊಂಡು ಹೋದಳು. ಇಂದುಮತಿ ಪ್ರಯೋಗಾಲಯದಲ್ಲಿ ಮರುದಿನದ ಪರೀಕ್ಷೆಗೆ ಸೀಸೆ ಜೋಡಿಸುತ್ತಿದ್ದಳು. ಕೆಲಸ ಮುಗಿಸಿ ಊಟಕ್ಕೆ ಬರುತ್ತೇನೆ ಎಂದಿದ್ದಳು.

ಮಧ್ಯಾಹ್ನ ಝರೀನಾಳ ಜೊತೆ ಅವಳು ಹೊಲಕ್ಕೆ ಬಂದಾಗ ಬದುವಿನ ಮೇಲೆ ಕೆಂಡ ಹೊಗೆಯಾಡುತ್ತಿತ್ತು. ಓಣಿಯವರು ಉಂಡು ಆಗಲೇ ಮನೆಗೆ ಹೊರಟುಹೋಗಿದ್ದರು. ನಿಂಬೆವ್ವ ಬುಟ್ಟಿ ಜೋಡಿಸುತ್ತಿದ್ದಳು. ಕಾವಲಿನ ಸಾಯಬಣ್ಣ ಕುಡಗೋಲು ಒರೆಸುತ್ತಿದ್ದ. ಹೊಲದಲ್ಲಿ ಒಂದು ತೆನೆಯೂ ಇರಲಿಲ್ಲ. ಮೊಣಕಾಲೆತ್ತರಕ್ಕೆ ಕೊಯ್ದ ದಂಟುಗಳು ಮಾತ್ರ, ಬುಡದಲ್ಲಿ ನಂಬರಿನ ಚೀಟಿ ಕಟ್ಟಿಕೊಂಡು ನಿಂತಿದ್ದವು.

"ಬಾರವಾ," ಎಂದಳು ನಿಂಬೆವ್ವ ಮುಖ ಅರಳಿಸಿ. "ಭಾಳ ಚೊಲೊ ಆತು. ಹಕ್ಕಿ ತಿನ್ನಬಾರದಂತ ಚೀಲ ಕಟ್ಟಿ ಕಾಯ್ದಿಟ್ಟಿದ್ದಿ ನೋಡು, ಒಂದೂ ಹಾಳಾಗಿರಲಿಲ್ಲ. ಓಣಿ ಮಂದಿಗೆಲ್ಲ ಒಂದೊಂದು ತೆನಿ ಸುಟ್ಟು ಕೊಟ್ಟೆ. ನಿನ್ನ ಹೆಸರು ಹೇಳಿ ತಿಂದ್ರು."

ಝರೀನಾ ಬದುವಿನ ಮೇಲೆ ಕೂತುಬಿಟ್ಟಳು. ಇಂದುಮತಿ ಹತ್ತಿರದ ದಂಟಿನ ಬುಡದ ಚೀಟಿ ತಿರುವಿ ನಂಬರು ನೋಡಿದಳು. ಸೀತನಿ ತಿನ್ನಿಸುತ್ತೇನೆ ಎಂದವಳು ತಾನೇ. ಹಕ್ಕಿಗೆಂದು ತೆನೆಗೆ ಬಟ್ಟೆ ಕಟ್ಟುವುದು ಈ ಸೀಮೆಯಲ್ಲಿ ಯಾರು ಮಾಡದ ಕೆಲಸ? ಇಂದುಮತಿ ಅಕ್ಕಾರೇ ಹೇಳಿರಬೇಕೆಂದು ಸಾಯಬಣ್ಣ ಕೊಯ್ದುಕೊಟ್ಟಿದ್ದ. ಬೈಯಲು ಅಲ್ಲಿ ಯಾರೂ ಇರಲಿಲ್ಲ. ಆದರೆ ಅವಳ ಮುಖ ನೋಡಿಯೇ ನಿಂಬೆವ್ವನಿಗೆ ಏನೋ ಘಾತವಾಗಿದೆಯೆಂದು ತಿಳಿಯಿತು. ನಿಧಾನವಾಗಿ ಕೇಳಿ ತಿಳಿದುಕೊಂಡಳು. ಆಮೇಲೆ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಕೊಯ್ದ ದಂಟುಗಳ ನಡುವೆ ಹೋಗಿ ನಿಂತಳು.

ಮೊದಲು ಚೇತರಿಸಿಕೊಂಡವಳು ಝರೀನಾ. ತೆನೆ ಹೋಗಿದೆ, ಗಿಡ ಹೋಗಿಲ್ಲವಲ್ಲ ಎಂದಳು. ಕೊಯ್ದ ಜೋಳಕ್ಕೆ ನೀರು ಕೊಟ್ಟರೆ ಬುಡದಿಂದ ಕೂಳೆ ಚಿಗುರುತ್ತದೆ, ಚಿಗುರಿ ಮತ್ತೆ ತೆನೆ ಹಾಕುತ್ತದೆ. ನಿಜ, ಆದರೆ ಅದಕ್ಕೆ ತಿಂಗಳುಗಳು ಬೇಕು. ನಲವತ್ತು ಕೂಳೆ ತೋರಿಸಿ, ಇದರಲ್ಲಿ ಒಂದು ಇದ್ದರೂ ಇರಬಹುದು ಎಂದರೆ ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಯಾವ ಗಿಡ ಎಂದು ಈಗಲೇ ಗೊತ್ತಾಗಬೇಕು. ಆಗ ಇಂದುಮತಿ ಅತ್ತೆಯನ್ನು ಕೇಳಿದಳು, ತೆನೆ ಕಟ್ಟಿದ್ದ ಚೀಲಗಳನ್ನು ಏನು ಮಾಡಿದಿರಿ ಎಂದು. ಒಬ್ಬೊಬ್ಬರಿಗೂ ಅವರವರ ತೆನೆಯ ಚೀಲವನ್ನೇ ತಟ್ಟೆಯ ಹಾಗೆ ಕೊಟ್ಟಿದ್ದಳಂತೆ. ಹೋಗುವಾಗ ಎಲ್ಲರೂ ಅದರಲ್ಲೇ ಕಡುಬು ಹಾಕಿಸಿಕೊಂಡು ಮನೆಗೆ ಒಯ್ದಿದ್ದರು.

ಇಂದುಮತಿಗೆ ಜೀವ ಬಂತು. ಯಾರ ಮನೆಯಲ್ಲಿ ಯಾವ ನಂಬರಿನ ಚೀಲವಿದೆಯೋ ಅವರು ಆ ಗಿಡದ ರುಚಿ ನೋಡಿದವರು. ನಲವತ್ತು ನಾಲಿಗೆಗಳು ಪರೀಕ್ಷೆ ಮುಗಿಸಿ ಕೂತಿವೆ, ಹೋಗಿ ಕೇಳಿದರಾಯಿತು.

ಇಬ್ಬರೂ ಆಗಲೇ ಓಣಿಗೆ ಹೋದರು. ಮೊದಲ ಮನೆಯಲ್ಲಿ ಗುರುಬಸವ್ವ ಚಹಾ ಇಟ್ಟು, ಸೀತನಿ ಅಂದರೆ ಅದು, ಇಂಥಾದ್ದನ್ನು ತಿಂದು ಎಷ್ಟು ವರ್ಷವಾಗಿತ್ತು ಎಂದಳು. ಎರಡನೆಯ ಮನೆಯವರು ಸಕ್ಕರೆ ಸಕ್ಕರೆ ಎಂದರು. ಮೂರನೆಯವರು ಇನ್ನೊಂದು ತೆನೆ ಕೇಳಬೇಕೆಂದಿದ್ದೆವು, ನಾಚಿಕೆಯಾಗಿ ಬಿಟ್ಟೆವು ಎಂದರು. ಓಣಿಯ ತುದಿಯವರೆಗೂ ಇದೇ ಉತ್ತರ. ಝರೀನಾ ಖುಷಿಯಿಂದ ಬರೆದುಕೊಳ್ಳುತ್ತ ಬಂದಳು. ಇಂದುಮತಿಯ ಮುಖ ಮಾತ್ರ ಸಣ್ಣದಾಗುತ್ತ ಹೋಯಿತು. ಒಂದೆರಡು ಸಿಹಿಯಿದ್ದರೆ ಅದೇ ಪವಾಡ, ನಲವತ್ತೂ ಸಿಹಿಯಿರಲು ಸಾಧ್ಯವೇ ಇಲ್ಲ. ಅವಳು ಈ ಊರಿನ ಸೊಸೆ, ಅವಳಿಗೆ ಅರ್ಥವಾಯಿತು. ಚರಗದ ಊಟವನ್ನು, ಅದೂ ವಯಸ್ಸಾದ ನಿಂಬೆವ್ವ ಕೆಂಡದ ಮುಂದೆ ಕೂತು ಸುಟ್ಟುಕೊಟ್ಟದ್ದನ್ನು, ಚೆನ್ನಾಗಿರಲಿಲ್ಲ ಎಂದು ಹೇಳುವ ನಾಲಿಗೆ ಈ ಓಣಿಯಲ್ಲಿ ಒಂದೂ ಇರಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದಳು. ನಿಂಬೆವ್ವ ಕೋಲು ತೆಗೆದುಕೊಂಡು ಎದ್ದಳು. ಓಣಿಯ ನಡುವಿನ ಬೇವಿನ ಕಟ್ಟೆಯ ಮೇಲೆ ಕೂತು ಎಲ್ಲರನ್ನೂ ಕರೆಸಿದಳು. ಚೀಲವನ್ನೂ ತರಲು ಹೇಳಿದಳು. ಹೆಣ್ಣುಮಕ್ಕಳು ಕಾಗದದ ಚೀಲ ಹಿಡಿದುಕೊಂಡು, ಏನಾಯಿತೋ ಎಂದು ಬಂದು ಕೂತರು.

"ನೋಡ್ರವಾ," ಎಂದಳು ನಿಂಬೆವ್ವ. "ಎಲ್ಲಾರದೂ ಊಟ ಆದಮ್ಯಾಲ ನಾನೂ ಒಂದು ತೆನಿ ತಿಂದೆ. ಬೇವಿನ ತೊಪ್ಪಲಾದ್ರೂ ತಿಂದೇನು, ಅದನ್ನ ತಿನ್ನಾಕಾಗಲಿಲ್ಲ. ಬಾಯಾಗ ಒಗರು ನಿಂತುಬಿಡ್ತು. ಗಿಡದ ಹಿಂದ ಹೋಗಿ ಉಗುಳಿ ಬಂದೆ. ನೀವೆಲ್ಲಾ ಚಪ್ಪರಿಸಿ ತಿನ್ನಾಕತ್ತಿದ್ರಿ, ನಂದೊಂದು ಕೆಟ್ಟಿರಬೇಕಂತ ಗಪ್ಪಾದೆ."

ಗುರುಬಸವ್ವನ ಹೊಟ್ಟೆ ಅಲ್ಲಾಡತೊಡಗಿತು. ಅವಳು ಸೆರಗು ಬಾಯಿಗೆ ಹಿಡಿದರೂ ನಗು ನಿಲ್ಲಲಿಲ್ಲ.

"ನಾ ನನ್ನ ಪಾಲಿಂದು ಆಕಳಿಗೆ ಹಾಕಿದ್ನಿ, ನಿಂಬೆಕ್ಕ. ಆಕಳೂ ಮೂಸಿ ಮುಖ ತಿರುವಿತು."

ಅಷ್ಟು ಸಾಕಾಯಿತು. ಒಬ್ಬಳು ಕಡುಬಿನ ಕೆಳಗೆ ಬಚ್ಚಿಟ್ಟಿದ್ದಳು. ಒಬ್ಬಳು ಬೆಲ್ಲದ ದೊಡ್ಡ ತುಂಡು ಇಟ್ಟುಕೊಂಡು ಕಣ್ಣು ಮುಚ್ಚಿ ನುಂಗಿದ್ದಳು. ಇನ್ನೊಬ್ಬಳು ಪಕ್ಕದವಳು ಅಷ್ಟು ಸಂತೋಷದಿಂದ ತಿನ್ನುತ್ತಿದ್ದಾಳಲ್ಲ ಎಂದು ತನ್ನದನ್ನೂ ಅವಳ ಚೀಲಕ್ಕೆ ಸುರಿದಿದ್ದಳು, ಪಕ್ಕದವಳು ಅದನ್ನೂ ಮರ್ಯಾದೆಗೆ ತಿಂದಿದ್ದಳು. ಇಬ್ಬರೂ ಈಗ ಒಬ್ಬರ ಭುಜಕ್ಕೊಬ್ಬರು ಗುದ್ದಿಕೊಂಡು ನಕ್ಕರು. ನಿಂಬೆವ್ವ ನಗುತ್ತ ಕಣ್ಣೊರೆಸಿಕೊಂಡಳು. ತನ್ನ ಮನಸ್ಸು ನೋಯಬಾರದೆಂದು ಒಂದು ಓಣಿಯ ಓಣಿಯೇ ಒಗರು ನುಂಗಿತ್ತು. ಝರೀನಾ ಒಂದೊಂದೇ ನಂಬರು ಹೊಡೆದುಹಾಕುತ್ತ ಬಂದಳು. ನಂಬರು ಕಡಿಮೆಯಾದ ಹಾಗೆ ಇಂದುಮತಿ ಉಳಿದವನ್ನು ಮತ್ತೆ ಮತ್ತೆ ಎಣಿಸುತ್ತಿದ್ದಳು. ಎಲ್ಲರೂ ನಿಜ ಹೇಳಿದರೆ ಉಳಿಯುವುದೇನು?

ಕೊನೆಗೆ ಉಳಿದವಳು ಗುರುಬಸವ್ವನ ಸೊಸೆ ಶಶಿಕಲಾ. ಮದುವೆಯಾಗಿ ಈ ಓಣಿಗೆ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ಹಿರಿಯರ ಮುಂದೆ ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ನಿನ್ನದು ಹೇಗಿತ್ತು ಎಂದು ಕೇಳಿದಾಗ ತಲೆ ತಗ್ಗಿಸಿ, ಚೊಲೊ ಇತ್ರಿ ಎಂದಳು. ಸುತ್ತ ಮತ್ತೆ ನಗು ಎದ್ದಿತು. ಹೊಸ ಸೊಸೆ, ಇನ್ನೂ ಮರ್ಯಾದೆ ಬಿಟ್ಟಿಲ್ಲ ಎಂದು ಯಾರೋ ಛೇಡಿಸಿದರು. ಗುರುಬಸವ್ವ ಪ್ರೀತಿಯಿಂದಲೇ ಅವಳ ಬೆನ್ನು ತಟ್ಟಿ, ಹೆದರಬೇಡ, ನಾನೇ ಹೇಳಿದ ಮೇಲೆ ನಿನ್ನದೇನು, ಒಗರಿತ್ತು ಅಂತ ಹೇಳಿಬಿಡು ಎಂದಳು. ಝರೀನಾ ಪೆನ್ನು ಎತ್ತಿದಳು.

ಶಶಿಕಲಾ ತಲೆ ಎತ್ತಿದಳು. ಅವಳ ಕಿವಿ ಕೆಂಪಾಗಿತ್ತು.

"ಇಲ್ರಿ ಅತ್ತಿ. ಖರೇನ ಸೀ ಇತ್ತು. ನೀವು ಎಷ್ಟು ಕೇಳಿದ್ರೂ ನಾ ಅದನ್ನ ಹೇಳ್ತೀನಿ."

"ಹುಚ್ಚಿ. ಹಂಗಾರ ನೀ ಒಬ್ಬಾಕೀನ ಪೂರಾ ತಿಂದೇನು?" ಎಂದಳು ಗುರುಬಸವ್ವ.

"ಪೂರಾ ತಿಂದಿಲ್ರಿ," ಎಂದು ಶಶಿಕಲಾ ಇನ್ನೂ ಕೆಂಪಾದಳು. "ಅವರಿಗೆ ಇರಲಂತ ಒಂದ್ ಮುಷ್ಟಿ ತೆಗದಿಟ್ಟೀನಿ."

ಗಂಡ ಮಿಲ್ಲಿನ ಪಾಳಿ ಮುಗಿಸಿ ಇನ್ನೂ ಬಂದಿರಲಿಲ್ಲ. ಈ ಸಲ ಯಾರೂ ನಗಲಿಲ್ಲ. ಒಗರು ಕಾಳನ್ನು ಹೊಸ ಸೊಸೆ ಗಂಡನಿಗೆಂದು ಎತ್ತಿಡುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಒಮ್ಮೆಗೇ ಹೊಳೆಯಿತು. ಶಶಿಕಲಾ ಚೀಲದ ಬಾಯಿ ಬಿಡಿಸಿದಳು. ಕಡುಬಿಗೆ ತಾಗದಂತೆ ಅರಿವೆಯ ತುಂಡಿನಲ್ಲಿ ಬೇರೆಯಾಗಿ ಗಂಟು ಕಟ್ಟಿದ್ದ ಹಸಿರು ಕಾಳು. ಇಂದುಮತಿ ನಾಲ್ಕೇ ಕಾಳು ಬಾಯಿಗೆ ಹಾಕಿಕೊಂಡಳು. ಹೊಗೆಯ ಘಮದ ಹಿಂದೆ ಹಾಲಿನಂಥ ಸಿಹಿ. ಒಗರಿಗೆ ಕಾದಳು. ನಾಲಿಗೆಯ ಅಂಚಿನಲ್ಲಿ, ಗಂಟಲಲ್ಲಿ, ಎಲ್ಲೂ ಅದು ಬರಲಿಲ್ಲ. ಅವಳು ಎರಡು ಕಾಳನ್ನು ಅತ್ತೆಯ ಅಂಗೈಗೆ ಹಾಕಿದಳು.

ನಿಂಬೆವ್ವ ಅಗಿದು, ಕಣ್ಣು ಮುಚ್ಚಿ, ಹೂಂ ಎಂದಳು, ಅಷ್ಟೇ.

ಪರೀಕ್ಷೆಗೆ ಒಂದು ಚಿಟಿಕೆ ತೆಗೆದುಕೊಂಡು ಉಳಿದದ್ದನ್ನು ಇಂದುಮತಿ ಮತ್ತೆ ಗಂಟು ಕಟ್ಟಿ ಶಶಿಕಲಾಳ ಕೈಗೇ ಕೊಟ್ಟಳು. ಮರುದಿನ ಝರೀನಾ ಸೀಸೆಯಲ್ಲಿ ನೋಡಿದ್ದೂ ಅದನ್ನೇ ಹೇಳಿತು. ಕಾಳಿನ ಒಳಸಿಪ್ಪೆಯಲ್ಲಿ ಒಗರಿನ ಅಂಶ ಇರಲಿಲ್ಲ. ಟ್ರಂಕು ತೆರೆದಿತ್ತು, ಕತ್ತರಿ ಆಡಿತ್ತು, ಹೊಲಿಗೆ ಸರಿಯಾದ ಜಾಗದಲ್ಲಿ ಬಿದ್ದಿತ್ತು.

ಗಲಗಲಿಯವರು ಎಲ್ಲ ಕೇಳಿ, ನಗು ತಡೆದುಕೊಂಡು, ಒಂದು ಸಂದೇಹ ಎತ್ತಿದರು. ಆ ಗಿಡ ನೊಣದ ಕಣ್ಣಿಗೆ ಬೀಳದೆ ಅದೃಷ್ಟದಿಂದ ಉಳಿದದ್ದಾದರೆ? ಸಂದೇಹ ನ್ಯಾಯವಾದದ್ದೇ ಎಂದು ಇಂದುಮತಿ ಒಪ್ಪಿದಳು. ಕೂಳೆಯ ಚಿಗುರು ಎಳೆ ಪೈರಿನಷ್ಟೇ ಮೆತ್ತಗಿರುತ್ತದೆ, ಚಿಗುರಿದ ಕೂಡಲೇ ಪಂಜರ ಹಾಕಿ ಒಳಗೆ ನೊಣ ಬಿಡೋಣ, ಅದೇ ಸಾಕ್ಷಿ ಎಂದಳು. ಅವರು ಕನ್ನಡಕ ತೆಗೆದು ಒರೆಸಿ, ಟ್ರ್ಯಾಕ್ಟರಿನವರಿಗೆ ತಾವೇ ಫೋನು ಮಾಡಿ ಬೇಸಿಗೆ ಕಳೆದು ಬರಲು ಹೇಳಿದರು. ಮೇಲಿನವರಿಗೆ ಏನು ಹೇಳುತ್ತೀರಿ ಎಂದು ಕೇಳಿದರೆ, ಅದನ್ನು ನನಗೆ ಬಿಡಿ ಎಂದರು.

ಆ ಕೂಳೆಯ ಸುತ್ತ ಸಾಯಬಣ್ಣ ಮುಳ್ಳಿನ ಬೇಲಿ ಕಟ್ಟಿದ. ಆಡು ಕಂಡರೆ ಸಾಕು, ಊಟ ಬಿಟ್ಟು ಎದ್ದು ಓಡುತ್ತಿದ್ದ. ಓಣಿಯವರು ದಿನಕ್ಕೊಂದು ಮನೆಯಂತೆ ಪಾಳಿ ಹಚ್ಚಿಕೊಂಡು ಒಂದೊಂದು ಕೊಡ ನೀರು ತಂದು ಹಾಕಿದರು. ಯಾರೂ ಹೇಳಿರಲಿಲ್ಲ. ಚಿಗುರು ಬಂತು. ಪಂಜರದೊಳಗೆ ಬಿಟ್ಟ ನೊಣ ಅದರ ಮೇಲೆ ಮೊಟ್ಟೆಯಿಟ್ಟಿತು. ಪಕ್ಕದ ಕುಂಡದಲ್ಲಿಟ್ಟಿದ್ದ ಹಳೆಯ ಸೀತನಿ ಜೋಳದ ಸುಳಿಗಳು ವಾರದೊಳಗೆ ಒಣಗಿ ಬಾಗಿದವು. ಕೂಳೆಯ ಸುಳಿಗಳು ನೆಟ್ಟಗೆ ಮೇಲೆದ್ದವು.

ಬೇಸಿಗೆ ಏರುತ್ತಿದ್ದ ಹೊತ್ತಿಗೆ ಅದರಲ್ಲಿ ಎರಡು ಪುಟ್ಟ ತೆನೆ ಹಾಲುಗಾಳು ಕಟ್ಟಿದ್ದವು. ಬೀಜಕ್ಕೆ ಉಳಿಸಿ ಕೆಲವೇ ಕಾಳು ಕೀಳಬಹುದಿತ್ತು. ರುಚಿ ಯಾರು ನೋಡಬೇಕು ಎಂಬ ಬಗ್ಗೆ ಚರ್ಚೆಯೇ ಆಗಲಿಲ್ಲ. ಓಣಿಯವರೆಲ್ಲ ಬದುವಿನ ಮೇಲೆ ಸೇರಿದರು, ಗಲಗಲಿಯವರೂ ಟೊಪ್ಪಿಗೆ ಹಾಕಿಕೊಂಡು ಬಂದು ನಿಂತರು. ಇಂದುಮತಿ ಚೀಲ ಬಿಚ್ಚಿ ನಾಲ್ಕು ಕಾಳು ತೆಗೆದು ಶಶಿಕಲಾಳ ಅಂಗೈಗೆ ಹಾಕಿದಳು. ಅವಳು ನಿಧಾನವಾಗಿ ಅಗಿದಳು. ಎಲ್ಲರೂ ಅವಳ ದವಡೆಯನ್ನೇ ನೋಡುತ್ತಿದ್ದರು.

"ಅವತ್ತಿನಷ್ಟು ಚೊಲೊ ಇಲ್ರಿ," ಎಂದಳು ಶಶಿಕಲಾ.

ಗಲಗಲಿಯವರ ಮುಖ ಇಳಿಯಿತು. ಇಂದುಮತಿ ಮೆಲ್ಲಗೆ ಕೇಳಿದಳು, "ಒಗರು ಐತೇನವಾ?"

"ಒಗರು ಎಲ್ಲೀದ್ರಿ? ಸೀ ಐತಿ. ಆದ್ರ ಇದು ಹಸೀದು ನೋಡ್ರಿ. ಕೆಂಡದಾಗ ಸುಟ್ಟು ತಿಂದ್ರ ಅದರ ರುಚೀನ ಬ್ಯಾರೆ."

"ಹೌದ ಹೌದು," ಎಂದು ನಿಂಬೆವ್ವ ಕೋಲು ಊರಿ ಎದ್ದು ನಿಂತಳು. "ಸಾಯಬಣ್ಣ, ನಾಕು ಕುಳ್ಳು ತಾ."

ಇಂದುಮತಿ ಎರಡೂ ತೋಳು ಚಾಚಿ ಗಿಡದ ಮುಂದೆ ನಿಂತಳು. ಅವಳ ಪಕ್ಕಕ್ಕೆ ಝರೀನಾ ಬಂದು ನಿಂತಳು, ಝರೀನಾಳ ಪಕ್ಕಕ್ಕೆ ಶಶಿಕಲಾ. ನಿಂಬೆವ್ವ ಮೂವರನ್ನೂ ನೋಡಿ, ಕುಳ್ಳು ಬೇಡವೆಂದು ಸಾಯಬಣ್ಣನಿಗೆ ಸನ್ನೆ ಮಾಡಿ, ಬಂದವರಿಗೆಲ್ಲ ಚಹಾ ಮಾಡಲು ಒಲೆಯ ಕಡೆ ನಡೆದಳು.